ಬಿಸಿಲು ಅಗ್ಗ, ಬಿಲ್ಲು ಯಾಕೆ ತುಟ್ಟಿ?

ಪ್ರಶ್ನೆ: ನಮ್ಮದು ನಲವತ್ತು ಮನೆಗಳ ಸೊಸೈಟಿ. ಸೌರ ವಿದ್ಯುತ್ತು ಯೂನಿಟ್ಟಿಗೆ ಎರಡು, ಎರಡೂವರೆ ರೂಪಾಯಿಗೆ ಇಳಿದಿದೆ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ನಮ್ಮ ಬಿಲ್ಲು ಮಾತ್ರ ಇಳಿದದ್ದೇ ಇಲ್ಲ. ನಡುವೆ ತಿನ್ನುವವರು ಯಾರು? ನಮ್ಮ ತಾರಸಿಯ ಮೇಲೆ ನಾವೇ ಫಲಕ ಹಾಕಿಸಿಕೊಳ್ಳಬಹುದೇ? ವಾರ್ಷಿಕ ಸಭೆಯಲ್ಲಿ ಈ ವಿಷಯ ಜಗಳಕ್ಕೆ ಬಂದು ನಿಂತಿದೆ.
– ಸೊಸೈಟಿಯ ಕಾರ್ಯದರ್ಶಿ, ಡೊಂಬಿವಲಿ

ಉತ್ತರ: ಕಾರ್ಯದರ್ಶಿಗಳೇ, ಬಿಲ್ಲಿನಲ್ಲಿ ಮರಾಠಿಯ ಸಾಲುಗಳನ್ನು ಒಮ್ಮೆ ಓದಿ: ಸ್ಥಿರ ಆಕಾರ (ತಿಂಗಳ ನಿಗದಿತ ಶುಲ್ಕ), ವೀಜ ಆಕಾರ (ಬಳಸಿದ ಕರೆಂಟಿನ ದರ), ವಹನ ಆಕಾರ (ತಂತಿಯಲ್ಲಿ ಸಾಗಿಸುವ ವೆಚ್ಚ), ಕೊನೆಗೆ ವೀಜ ಶುಲ್ಕ (ಸರ್ಕಾರದ ತೆರಿಗೆ). ಪತ್ರಿಕೆಯಲ್ಲಿ ಬರುವ ಅಗ್ಗದ ದರ ಇವುಗಳಲ್ಲಿ ಎರಡನೆಯ ಸಾಲಿನ ಒಂದು ತುಣುಕು ಮಾತ್ರ. 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ ಸೌರ ವಿದ್ಯುತ್ತು 1.99 ರೂಪಾಯಿಗೆ ಇಳಿದದ್ದು ನಿಜ. ಆದರೆ ಅದು ಸ್ಥಾವರದ ಬಾಗಿಲಲ್ಲಿ, ಹಾಡಹಗಲಿನ ದರ. ನಿಮಗೆ ಬೇಕಾದದ್ದು ಡೊಂಬಿವಲಿಯಲ್ಲಿ, ರಾತ್ರಿ ಎಂಟಕ್ಕೆ, ನಲವತ್ತು ಮನೆಯವರೂ ಲೋಕಲ್ ಇಳಿದು ಬಂದು ಫ್ಯಾನು ಹಾಕಿಕೊಂಡಾಗ. ನಮ್ಮ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ. ಆ ಹೊತ್ತಿಗೆ ಅದು ಬರಿಯ ಗಾಜಿನ ಬಯಲು.

ಇನ್ನು ತಿನ್ನುವವರ ಮಾತು. ಕಳ್ಳರಿಲ್ಲ ಎನ್ನಲಾರೆ. ಆದರೆ ದೊಡ್ಡ ಮೊತ್ತ ಹೋಗುವುದು ಕಾಗದಕ್ಕೆ ಸಹಿ ಹಾಕಿಯೇ. ಕಲ್ಲಿದ್ದಲು ಸ್ಥಾವರಗಳೊಂದಿಗೆ ವಿತರಣಾ ಕಂಪನಿಗಳ ಒಪ್ಪಂದ ಸಾಮಾನ್ಯವಾಗಿ 25 ವರ್ಷದ್ದು. ಸ್ಥಾವರ ಸಿದ್ಧವಾಗಿ ನಿಂತಿದ್ದರೆ ಸಾಕು, ಕರೆಂಟು ಪಡೆಯದಿದ್ದರೂ ಸ್ಥಿರ ವೆಚ್ಚ ಕೊಡಲೇಬೇಕು. ನಾನು ಮುಂಬಯಿಗೆ ಬಂದ ಹೊಸತರಲ್ಲಿ ಖಾನಾವಳಿಗೆ ತಿಂಗಳ ದುಡ್ಡು ಮುಂಗಡ ಕಟ್ಟುತ್ತಿದ್ದೆ. ಊರಿನಿಂದ ಬಂದ ನೆಂಟರು ಬುತ್ತಿ ತಂದರೆ ಅಂದಿನ ಊಟ ಬಿಡುತ್ತಿದ್ದೆ, ಭಟ್ಟರು ಒಂದು ಪೈಸೆ ಹಿಂದೆ ಕೊಡುತ್ತಿರಲಿಲ್ಲ. ಬಿಸಿಲು ಈಗ ಆ ಬುತ್ತಿಯ ಹಾಗೆ.

ಕಲ್ಲಿದ್ದಲನ್ನು ಬಿಡಲು ಸರ್ಕಾರಗಳಿಗೂ ಮನಸ್ಸಿಲ್ಲ. ಜಾರ್ಖಂಡ್, ಒಡಿಶಾ, ಛತ್ತೀಸ್‌ಗಢಗಳಿಗೆ ಅದರ ಮೇಲೆ 14 ಶೇಕಡಾ ರಾಜಧನ ಬರುತ್ತದೆ. ರೈಲ್ವೆಯ ಸರಕಿನಲ್ಲಿ ತೂಕದ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧ ಕಲ್ಲಿದ್ದಲೇ. ಚೌತಿಗೆ ಊರಿಗೆ ಹೋಗುವ ನಮ್ಮ ಸ್ಲೀಪರ್ ಟಿಕೆಟ್ಟು ಅಗ್ಗವಾಗಿರುವುದು ಆ ಸರಕಿನ ಗಳಿಕೆಯಿಂದ. ಬಿಸಿಲಿಗೆ ರಾಜಧನವೂ ಇಲ್ಲ, ವ್ಯಾಗನ್ನೂ ಬೇಡ. 2025ರಲ್ಲಿ ದೇಶದ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ಅನಿಲಗಳ ಹೊರಗಿನದಾಯಿತು ಎಂದು ಹಿಗ್ಗಿದೆವು. ತಂತಿಯಲ್ಲಿ ಹರಿದು ಬರುವ ಯೂನಿಟ್ಟುಗಳಲ್ಲಿ ಹೆಚ್ಚಿನ ಪಾಲು ಇಂದಿಗೂ ಕಲ್ಲಿದ್ದಲಿನದೇ.

ತಾರಸಿಯ ಮೇಲೆ ಧಾರಾಳವಾಗಿ ಹಾಕಿಸಿ. ಲಿಫ್ಟ್, ಪಂಪು, ಮೆಟ್ಟಿಲಿನ ದೀಪಗಳಿಗಾಗಿ ಹಾಕಿಸಿದರೆ ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆಯಲ್ಲಿ ಸೊಸೈಟಿಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನವಿದೆ. ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ಜಾಗ ಬೇಕು. ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟು ಹಿಡಿಯಿರಿ, ಜುಲೈ ತಿಂಗಳಲ್ಲಿ ಈ ಲೆಕ್ಕ ನಂಬಬೇಡಿ. ಸ್ಥಿರ ಆಕಾರದ ಸಾಲು ಆಮೇಲೂ ಬಿಲ್ಲಿನಲ್ಲಿ ಇರುತ್ತದೆ.

ಮುಲುಂಡಿನ ನಮ್ಮ ಕಟ್ಟಡದ ಕಥೆ ಹೇಳಿಬಿಡುತ್ತೇನೆ. ಗುತ್ತಿಗೆದಾರ ಅಳತೆಗೆ ಬಂದದ್ದು ಮೇ ನಡುವಿನಲ್ಲಿ. ಆಗ ಮುಂಬಯಿಯಲ್ಲಿ ಮಧ್ಯಾಹ್ನದ ಸೂರ್ಯ ನೆಟ್ಟನೆ ನೆತ್ತಿಯ ಮೇಲೆ, ನೀರಿನ ಟಾಕಿಗೆ ನೆರಳೇ ಇಲ್ಲ. ವಿದ್ಯುತ್ ಇಲಾಖೆಯಲ್ಲಿ ಮೂವತ್ತೈದು ವರ್ಷ ಸವೆಸಿದ ನಾನು ಪಕ್ಕದಲ್ಲೇ ಚಹಾ ಕುಡಿಯುತ್ತ ತಲೆಯಾಡಿಸಿದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದ, ಟಾಕಿಯ ನೆರಳು ಉತ್ತರಕ್ಕೆ ಚಾಚಿ ಮೊದಲ ಸಾಲಿನ ಮೇಲೆಯೇ ಮಲಗಿತು. ಒಂದೆರಡು ಫಲಕ ಮಂಕಾದರೆ ಜೋಡಿಸಿದ ಇಡೀ ಸಾಲು ಸೊರಗುತ್ತದೆ. ಆರು ಫಲಕ ಬಿಚ್ಚಿ ಬೇರೆ ಕಡೆ ಕೂರಿಸಿದೆವು. ಖರ್ಚು ಹಂಚುವ ಸಭೆಯಲ್ಲಿ ಎಲ್ಲರೂ ನನ್ನ ಮುಖವನ್ನೇ ನೋಡಿದರು.

ಆದ್ದರಿಂದ ಡಿಸೆಂಬರಿನ ಒಂದು ಭಾನುವಾರ ಸೀಮೆಸುಣ್ಣ ಹಿಡಿದು ತಾರಸಿ ಹತ್ತಿ. ಹತ್ತು, ಹನ್ನೆರಡು, ಮೂರು ಗಂಟೆಗೆ ನೆರಳಿನ ಅಂಚಿಗೆ ಗೆರೆ ಎಳೆಯಿರಿ. ಗೆರೆಯಾಚೆ 2,000 ಚದರ ಅಡಿ ಉಳಿದರೆ 20 ಕಿಲೋವ್ಯಾಟಿಗೆ ಅರ್ಜಿ ಹಾಕಿ. ಟಾಕಿ ತುಂಬಿಸುವ ಪಂಪನ್ನೂ ಸಂಜೆಯ ಬದಲು ಮಧ್ಯಾಹ್ನ ಓಡಿಸಿ. ವಾಚ್‌ಮನ್ ಗೊಣಗುತ್ತಾನೆ, ಅದು ಅವನ ನಿದ್ದೆಯ ಹೊತ್ತು.