ಓದುಗರ ಪ್ರಶ್ನೆ: “ನೀವು ಯಾರ ಪೈಕಿ?” ಎಂದು ಕೇಳುವ ಊರಿನಲ್ಲಿ ಆಪ್ತಸಮಾಲೋಚನೆ ಕಲಿಸುವುದು

ಪ್ರಶ್ನೆ: ದಾವಣಗೆರೆಯ ಕಾಲೇಜೊಂದರಲ್ಲಿ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯ ಸ್ನಾತಕೋತ್ತರ) ಮಕ್ಕಳಿಗೆ ಪಾಠ ಮಾಡುತ್ತೇನೆ. ಬಹುಸಂಸ್ಕೃತಿ ಸಮಾಲೋಚನೆಯ ಘಟಕದಲ್ಲಿ ಇರುವುದೆಲ್ಲ ಅಮೆರಿಕದ ಉದಾಹರಣೆ. ಮುಂದಿನ ಸೆಮಿಸ್ಟರಿನಲ್ಲಿ ಇವರು ಹರಿಹರ, ನ್ಯಾಮತಿ, ಜಗಳೂರಿಗೆ ಕ್ಷೇತ್ರಕಾರ್ಯಕ್ಕೆ ಹೋಗುತ್ತಾರೆ. 16 ವಾರದಲ್ಲಿ ಏನು ಕಲಿಸಲಿ? ಒಂದೊಂದು ಸಮುದಾಯದ ಆಚಾರ ವಿಚಾರದ ಟಿಪ್ಪಣಿ ಮಾಡಿಕೊಟ್ಟರೆ ಸಾಕೆ?

ಉತ್ತರ: ಟಿಪ್ಪಣಿ ಕೊಡಬೇಡಿ. ‘ಲಂಬಾಣಿಗರು ಹೀಗೆ, ಮುಸ್ಲಿಮರು ಹಾಗೆ’ ಎಂದು ಓದಿಕೊಂಡು ಹೋದ ಹುಡುಗ ಎದುರಿಗೆ ಕೂತವರನ್ನು ಕೇಳುವುದನ್ನೇ ಬಿಡುತ್ತಾನೆ. ಸಂತ ಸೇವಾಲಾಲರ ಸೂರಗೊಂಡನಕೊಪ್ಪಕ್ಕೆ ತಪ್ಪದೆ ಹೋಗುವ ತಾಂಡಾದ ಅಜ್ಜಿ, ಕಾಫಿ ತೋಟಕ್ಕೆ ಗುಳೆ ಹೋಗಿ ಬರುವ ಮಗ, ದಾವಣಗೆರೆ ಹಾಸ್ಟೆಲಿನಲ್ಲಿ ಬಿ.ಕಾಂ. ಓದುವ ಮೊಮ್ಮಗಳು, ಮೂವರಿಗೂ ಒಂದೇ ಟಿಪ್ಪಣಿ ಹೊಂದುವುದಿಲ್ಲ.

ಅಮೆರಿಕದ ಪಠ್ಯವನ್ನು ಪೂರ್ತಿ ಎಸೆಯುವುದೂ ಬೇಡ. 1992ರಲ್ಲಿ ಸ್ಯೂ, ಅರೆಡಾಂಡೊ, ಮೆಕ್‌ಡೇವಿಸ್ ಕೊಟ್ಟ ಚೌಕಟ್ಟಿನ ಮೊದಲ ಹೆಜ್ಜೆ, ಸಮಾಲೋಚಕ ತನ್ನ ಪೂರ್ವಗ್ರಹವನ್ನು ತಾನೇ ಗುರುತಿಸಿಕೊಳ್ಳುವುದು. ಅಲ್ಲಿ ಜನಾಂಗ ಇದ್ದ ಕಡೆ ಇಲ್ಲಿ ಜಾತಿ ಇಟ್ಟು ಓದಿ. ಮೊದಲ 4 ವಾರ ಇದಕ್ಕೇ ಇರಲಿ. ಪ್ರತಿಯೊಬ್ಬರೂ ತಮ್ಮ ಮನೆಯ ನಕ್ಷೆ ಬರೆಯಲಿ: ಅಡುಗೆಮನೆಯೊಳಗೆ ಯಾರು ಬರಬಹುದು, ಪಡಸಾಲೆವರೆಗೆ ಯಾರು, ಅಂಗಳದಲ್ಲೇ ನಿಂತು ಮಾತಾಡಿಸಿ ಕಳಿಸುವುದು ಯಾರನ್ನು, ಯಾರಿಗೆ ಬೇರೆ ಲೋಟ. ಒಂದು ಪುಟ ಸಾಕು. ಆದರೆ ಅದನ್ನು ತರಗತಿಯಲ್ಲಿ ಓದಿಸಬೇಡಿ. ಓದಿಸಿದರೆ ಬೆಲೆ ತೆರುವವರು ದಲಿತ ವಿದ್ಯಾರ್ಥಿಗಳು. ಉಳಿದವರು ‘ನಮ್ಮನೇಲಿ ಅಂಥದ್ದೇನಿಲ್ಲ’ ಎಂದು ಬರೆದು ಪಾರಾಗುತ್ತಾರೆ. ಮೇಲ್ವಿಚಾರಕರ ಜೊತೆ ಒಬ್ಬೊಬ್ಬರಿಗೆ 20 ನಿಮಿಷ ಕೊಟ್ಟು ಮಾತಾಡಿ.

ಮುಂದಿನ 4 ವಾರ ಮಾತಿಗೆ. ಇಲ್ಲಿ ‘ಖಿನ್ನತೆ’ ಎನ್ನುತ್ತಾ ಯಾರೂ ಬಾಗಿಲು ತಟ್ಟುವುದಿಲ್ಲ. ತಲೆ ಭಾರ, ಎದೆ ಡವಡವ, ಕೈಕಾಲು ಸೆಳೆತ, ಬಿಳಿಸೆರಗು, ಗಾಳಿ ಸೋಕಿದೆ, ಯಾರೋ ಮಾಡಿಸಿದ್ದಾರೆ ಎನ್ನುತ್ತಾ ಬರುತ್ತಾರೆ. ಹರಿಹರದ ಉರ್ದು ಮನೆಗಳಲ್ಲಿ ‘ಘಬರಾಹಟ್’, ತೆಲುಗಿನವರಲ್ಲಿ ‘ಗುಂಡೆ ದಡ’ (ಎದೆ ಡವಡವ). ಪ್ರತಿ ವಿದ್ಯಾರ್ಥಿ ಇಂಥ 30 ಮಾತು ಸಂಗ್ರಹಿಸಲಿ. ಅದರ ಜೊತೆ ಹೇಳಿದವರ ಪ್ರಕಾರ ಅದಕ್ಕೆ ಕಾರಣವೇನು ಎಂದೂ ಬರೆಯಲಿ. ಬಿಳಿಸೆರಗು ಎಂದ ಕೂಡಲೇ ‘ಅದು ಮಾನಸಿಕ’ ಎನ್ನುವುದು ತಪ್ಪು. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಆಗಲಿ.

ಅಮೆರಿಕದ ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಕೈಪಿಡಿ, 2013ರ ಡಿಎಸ್‌ಎಂ-5ರಲ್ಲಿ ಸಾಂಸ್ಕೃತಿಕ ಹಿನ್ನೆಲೆ ತಿಳಿಯಲು 16 ಪ್ರಶ್ನೆಗಳ ಸಂದರ್ಶನವಿದೆ. ಹೊಸಬರಿಗೆ ಅದು ಹೆಚ್ಚಾಯಿತು. ಅದೇ ಹಾದಿಯ ನಾಲ್ಕನ್ನು ಆಡುಮಾತಿನಲ್ಲಿ ಬಾಯಿಪಾಠ ಮಾಡಿಸಿ: “ಇದಕ್ಕೆ ನಿಮ್ಮ ಕಡೆ ಏನಂತಾರೆ?” “ಯಾಕೆ ಬಂತು ಅನ್ಸುತ್ತೆ?” “ಇಲ್ಲಿಗೆ ಬರೋಕೆ ಮುಂಚೆ ಎಲ್ಲೆಲ್ಲಿ ತೋರಿಸಿದ್ರಿ, ದೇವರು, ದರ್ಗಾ, ಹೇಳಿಕೆ ಎಲ್ಲಾ ಸೇರಿ?” “ಇದ್ರಿಂದ ಯಾವ ಕೆಲಸ ನಿಂತು ಹೋಗಿದೆ?” ಮೂರನೆಯದನ್ನು ಕೇಳುವಾಗ ಹುಬ್ಬು ಏರಬಾರದು. ಏರಿದರೆ ತಾಯಿತ ಕಟ್ಟಿಸಿದ್ದನ್ನು ಮುಚ್ಚಿಡುತ್ತಾರೆ, ಅದರ ಹಿಂದೆಯೇ ಮಾತ್ರೆ ಬಿಟ್ಟಿದ್ದನ್ನೂ ಮುಚ್ಚಿಡುತ್ತಾರೆ.

ಉಳಿದ ವಾರಗಳಲ್ಲಿ ಮೂರು ಮೂರು ಜನರ ಅಭ್ಯಾಸ: ಒಬ್ಬರು ಸಮಾಲೋಚಕರು, ಒಬ್ಬರು ಬಂದವರು, ಒಬ್ಬರು ನೋಡುವವರು. 15 ನಿಮಿಷ ಮಾತು, 10 ನಿಮಿಷ ವಿಮರ್ಶೆ. ವಾರಕ್ಕೊಮ್ಮೆ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಂಡ 10 ನಿಮಿಷದ ಮಾತನ್ನು ಪದಶಃ ಬರೆಯಿಸಿ. ಮೊದಲ ಪ್ರತಿಯಲ್ಲಿ ‘ಅಡ್ಜಸ್ಟ್ ಮಾಡ್ಕೊಳ್ಳಿ’ ಎಷ್ಟು ಸಲ ಬಂದಿದೆ ಎಂದು ವಿದ್ಯಾರ್ಥಿಯಿಂದಲೇ ಎಣಿಸಿ. ನಿಮ್ಮ ಇಡೀ ಘಟಕಕ್ಕಿಂತ ಆ ಎಣಿಕೆ ಹೆಚ್ಚು ಕಲಿಸುತ್ತದೆ.

ಪ್ರಶ್ನೆ: ನಾನು ಚಳ್ಳಕೆರೆ ಕಡೆ ಕ್ಷೇತ್ರಕಾರ್ಯ ಮಾಡುತ್ತಿರುವ ವಿದ್ಯಾರ್ಥಿನಿ. ಕೂತ ಎರಡನೇ ನಿಮಿಷಕ್ಕೆ “ನೀವು ಯಾರ ಪೈಕಿ ಕಣಮ್ಮ?” ಎನ್ನುತ್ತಾರೆ. ನಾನು ಪರಿಶಿಷ್ಟ ಜಾತಿಯವಳು. ಹೇಳಿದರೆ ಕಷ್ಟ, ಹೇಳದಿದ್ದರೆ ಅನುಮಾನ. ಇನ್ನೊಂದು, ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನು ಹೊರಗಿಟ್ಟದ್ದನ್ನು ನೋಡಿ ‘ಮೂಢನಂಬಿಕೆ’ ಎಂದೆ. ಆ ಮನೆಯವರು ಮತ್ತೆ ಮಾತಾಡಲಿಲ್ಲ.

ಉತ್ತರ: ಆ ಪ್ರಶ್ನೆಗೆ ಇಲ್ಲಿ ಒಂದೇ ಅರ್ಥವಿಲ್ಲ. ಕೆಲವರಿಗೆ ಅದು ಬರೀ ಪರಿಚಯದ ಮಾತು. ಕೆಲವರು ನಿಮ್ಮನ್ನು ಎಲ್ಲಿ ಕೂರಿಸಬೇಕೆಂದು ಅಳೆಯುತ್ತಾರೆ. ಹೆಚ್ಚಿನವರ ಒಳಗಿನ ಭಯ ಬೇರೆ: ನಮ್ಮ ಮನೆ ಮಾತು ನಮ್ಮ ಜನಕ್ಕೇ ಮುಟ್ಟಿಬಿಟ್ಟರೆ? ಆದ್ದರಿಂದ ಸುಳ್ಳು ಬೇಡ, ‘ಜಾತಿ ಕೇಳಬಾರದು’ ಎಂಬ ಪಾಠವೂ ಬೇಡ. “ಅದು ಗೊತ್ತಾದ್ರೆ ಮಾತಾಡೋಕೆ ಸಲೀಸಾಗುತ್ತಾ, ಕಷ್ಟ ಆಗುತ್ತಾ ಅಮ್ಮಾ? ಯಾರ ಪೈಕಿ ಆದ್ರೂ, ಜೀವದ ಅಪಾಯ, ಕಾನೂನಿನ ವಿಷಯ ಬಿಟ್ರೆ ನಿಮ್ಮ ಮಾತು ಈ ಬಾಗಿಲು ದಾಟಲ್ಲ” ಎನ್ನಿ. ಬಂದ ಉತ್ತರ ನಿಮ್ಮ ಕಡತದ ಮೊದಲ ಮುಖ್ಯ ಮಾಹಿತಿ. ಹೇಳುವುದು ಬಿಡುವುದು ನಿಮ್ಮ ಹಕ್ಕು. ಅವಮಾನದ ಮಾತು ಬಂದರೆ ಭೇಟಿ ನಿಲ್ಲಿಸಿ ಮೇಲ್ವಿಚಾರಕರಿಗೆ ಫೋನ್ ಮಾಡಿ. ಇದನ್ನು ನಿಮ್ಮ ಕೌಶಲದ ಕೊರತೆ ಎಂದು ಅಂಕ ಕಡಿಮೆ ಮಾಡುವ ಮೇಲ್ವಿಚಾರಕರಿದ್ದರೆ ತರಬೇತಿ ಬೇಕಾಗಿರುವುದು ಅವರಿಗೆ.

ಇನ್ನು ಹಟ್ಟಿಯ ವಿಷಯ. ಸಂಸ್ಕೃತಿಗೆ ಗೌರವ ಎಂದರೆ ಎಲ್ಲಕ್ಕೂ ತಲೆ ಆಡಿಸುವುದಲ್ಲ. ಮುಟ್ಟು, ಬಾಣಂತನದ ಸೂತಕವನ್ನು ಕಾಡುಗೊಲ್ಲರ ಹಿರಿಯರು ದೇವರ ಭಯಕ್ಕೆ ಕಟ್ಟಿದ್ದಾರೆ. ಒಂದು ಪದದಲ್ಲಿ ಅದನ್ನು ಬೀಳಿಸಲಾಗದು. ಆದರೆ ಗುಡಿಸಲಿನ ಚಳಿಗೆ ನಡುಗುವ ಹಸುಗೂಸು ನಿಮ್ಮ ಸಂಬಂಧ ಗಟ್ಟಿಯಾಗುವವರೆಗೆ ಕಾಯುವುದಿಲ್ಲ. ಎರಡನ್ನೂ ಬೇರೆ ಮಾಡಿ. ಮಗುವಿನ ಮೈ ತಣ್ಣಗಿದೆಯೇ, ಹಾಲು ಕುಡಿಯುತ್ತಿದೆಯೇ, ತಾಯಿಗೆ ಜ್ವರ, ರಕ್ತಸ್ರಾವ ಇದೆಯೇ ಎಂದು ಅಂದೇ ಆಶಾ ಕಾರ್ಯಕರ್ತೆಯಿಂದ ನೋಡಿಸಿ. ತೊಂದರೆ ಕಂಡರೆ 108ಕ್ಕೆ ಕರೆ ಮಾಡಿ. ನಂಬಿಕೆಯ ಮಾತು ಆಮೇಲೆ, ಅದೂ ಅತ್ತೆ ಮತ್ತು ಹಟ್ಟಿಯ ಯಜಮಾನರ ಜೊತೆ. ಸೊಸೆಗೆ ಮಾತ್ರ ಧೈರ್ಯ ತುಂಬಿ ಬಂದರೆ ಆ ಧೈರ್ಯದ ದಂಡ ಕಟ್ಟುವವಳು ಅವಳೇ.

ಪ್ರಶ್ನೆ: ತಾಂಡಾದ ಹೆಂಗಸರಿಗೆ ಕನ್ನಡ ಬರುತ್ತದೆ, ಆದರೆ ಅಳುವಾಗ ಅವರ ಮಾತಿಗೇ ಹೋಗುತ್ತಾರೆ. ಗಂಡನೋ ಮಗಳೋ ಅನುವಾದ ಮಾಡಿದರೆ ನಡೆಯುತ್ತದೆಯೆ?

ಉತ್ತರ: ಊಟ, ನಿದ್ದೆ, ಮಾತ್ರೆ ಕೇಳುವಷ್ಟಕ್ಕೆ ನಡೆಯುತ್ತದೆ. ಹೊಡೆತ, ಕುಡಿತ, ಸಾಯುವ ಯೋಚನೆ ಕೇಳುವುದಿದ್ದರೆ ಖಂಡಿತ ಬೇಡ. ಹತ್ತು ವರ್ಷದ ಮಗಳ ಬಾಯಲ್ಲಿ ತಾಯಿಯ ಸಂಕಟ ಹೇಳಿಸುವುದು ಆ ಮಗುವಿಗೂ ಪೆಟ್ಟು. ಬೇರೆ ತಾಂಡಾದ ಹೆಂಗಸೊಬ್ಬರನ್ನು ಹುಡುಕಿ; ಅದೇ ತಾಂಡಾದವರಾದರೆ ಗುಟ್ಟು ಉಳಿಯುವುದಿಲ್ಲ. ಮೊದಲೇ 10 ನಿಮಿಷ ಕೂರಿಸಿ ಮೂರು ಮಾತು ಹೇಳಿ: ನಾನು ಅಂದಿದ್ದನ್ನೇ ಅನ್ನಿ, ನಿಮ್ಮ ಬುದ್ಧಿಮಾತು ಸೇರಿಸಬೇಡಿ, ಹೊರಗೆ ಹೇಳಬೇಡಿ. ಮೂವರೂ ತ್ರಿಕೋನದಲ್ಲಿ ಕೂತು, ನೀವು ಅನುವಾದಕರ ಮುಖವಲ್ಲ, ಬಂದವರ ಮುಖ ನೋಡುತ್ತಾ ಒಂದೊಂದೇ ವಾಕ್ಯ ಆಡಿ. ಆಕೆ ಐದು ನಿಮಿಷ ಮಾತಾಡಿದ್ದು ನಿಮಗೆ ‘ಏನಿಲ್ಲ, ಚೆನ್ನಾಗಿದಾಳಂತೆ’ ಎಂದು ಬಂದರೆ ಅಲ್ಲೇ ನಿಲ್ಲಿಸಿ, ಮತ್ತೆ ಕೇಳಿ. ಸಮಯ ದುಪ್ಪಟ್ಟು ಹಿಡಿಯುತ್ತದೆ. 45 ನಿಮಿಷದ ಭೇಟಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಪ್ರಶ್ನೆ: ಪಿಎಚ್‌ಕ್ಯೂ-9 ಎಂಬ ಖಿನ್ನತೆ ಅಳೆಯುವ 9 ಪ್ರಶ್ನೆಗಳ ಪಟ್ಟಿಯನ್ನು ಓದು ಬರಹ ಇಲ್ಲದವರಿಗೆ ಬಳಸುವುದು ಹೇಗೆ? ಅಂಕ ಹೆಚ್ಚು ಬಂದರೆ ವಿದ್ಯಾರ್ಥಿ ಏನು ಮಾಡಬೇಕು?

ಉತ್ತರ: ‘ಕಳೆದ ಎರಡು ವಾರ’ ಎನ್ನುವ ಬದಲು “ಹಿಂದಿನ ಎರಡು ಸಂತೆಯಿಂದ ಈಚೆಗೆ” ಎನ್ನಿ. 14 ಕಡಲೆಕಾಳು ಮುಂದಿಡಿ, ದಿನಕ್ಕೊಂದು. ತೊಂದರೆ ಇದ್ದ ದಿನದ ಕಾಳು ಪಕ್ಕಕ್ಕೆ ಸರಿಸಲಿ. ಒಂದೂ ಇಲ್ಲದಿದ್ದರೆ 0, ಕೆಲವು ಇದ್ದರೆ 1, ಅರ್ಧಕ್ಕಿಂತ ಹೆಚ್ಚಾದರೆ 2, ಹೆಚ್ಚುಕಡಿಮೆ ಎಲ್ಲವೂ ಆದರೆ 3. ಒಟ್ಟು 27ರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಬೇಕು. ರೋಗದ ಹೆಸರು ವಿದ್ಯಾರ್ಥಿ ಇಡಬಾರದು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ 0 ಬಿಟ್ಟು ಏನೇ ಬಂದರೂ, ಒಟ್ಟು ಅಂಕ ಮೂರೇ ಇದ್ದರೂ, ಅವರನ್ನು ಒಂಟಿಯಾಗಿ ಕಳಿಸಬೇಡಿ. ಮನೆಯಲ್ಲಿ ಕ್ರಿಮಿನಾಶಕದ ಡಬ್ಬಿ ಎಲ್ಲಿದೆ ಎಂದು ಕೇಳಿ ಬೇರೆಡೆ ಇಡಿಸಿ, ಮೇಲ್ವಿಚಾರಕರಿಗೆ ಅಂದೇ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಗುಟ್ಟು ಕಾಯುತ್ತೇನೆ ಎಂದು ಮಾತು ಕೊಡುವ ಮೊದಲೇ ಅದರ ಮಿತಿಯನ್ನೂ ಹೇಳಿಬಿಡಿ. ಬಂದವಳು ಮದುವೆಯಾದ 17ರ ಬಸುರಿಯಾದರೆ 18ರೊಳಗಿನವರ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಆಮೇಲೆ ಹೇಳಿದರೆ ಆಕೆಗೆ ಅದು ಮೋಸವಾಗಿ ಕಾಣುತ್ತದೆ.