ಪದಕದ ಮೇಲೆ 1804 ಅಂತಿದ್ದರೆ ಅದು ಅಷ್ಟು ಹಳೆಯದಾ?

ನಿಮ್ಮ ಪ್ರಶ್ನೆ ಇಷ್ಟು: ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ಗೆ ಹೋದಾಗ ಕಲೆಮೆಗ್ದಾನ್ ಕೋಟೆ ಹತ್ತಿರ ಶಿಲುಬೆ ಆಕಾರದ ಒಂದು ಪದಕ ಕೊಂಡಿರಿ. ಒಂದು ಕಡೆ 1804, ಇನ್ನೊಂದು ಕಡೆ 1904 ಅಂತಿದೆ. ಇನ್ನೂರು ವರ್ಷ ಹಳೆಯದು ಅಂತ ಮಾರಿದವನು ಹೇಳಿದ. ಅದು ನಿಜವಾ, ಇಂಥವನ್ನು ಗುರುತಿಸುವುದು ಹೇಗೆ?

ಇನ್ನೂರು ವರ್ಷ ಅಂತೂ ಅಲ್ಲವೇ ಅಲ್ಲ. ನಿಮ್ಮ ವಿವರಣೆ ನೋಡಿದರೆ ಅದು ಸರ್ಬಿಯಾದ ಕರಾಜೋರ್ಜೆ ನಕ್ಷತ್ರ, ಅಥವಾ ಅದರ ನಕಲು. 1804ರಲ್ಲಿ ಕರಾಜೋರ್ಜೆ ಎಂಬ ನಾಯಕ ತುರ್ಕರ ಆಳ್ವಿಕೆ ವಿರುದ್ಧ ದಂಗೆ ಎದ್ದ. ಅವನ ಮೊಮ್ಮಗ ಒಂದನೇ ಪೀಟರ್ 1903ರಲ್ಲಿ ಪಟ್ಟಕ್ಕೆ ಬಂದ. ಮರುವರ್ಷ, ದಂಗೆಗೆ ನೂರು ತುಂಬಿದ ನೆಪದಲ್ಲಿ, ತಾತನ ಹೆಸರಿನಲ್ಲಿ ಈ ಪದಕ ಶುರು ಮಾಡಿದ. ಹಾಗಾಗಿ ತಾತನ ಇಸವಿ ಒಂದು ಕಡೆ, ಮೊಮ್ಮಗನದು ಇನ್ನೊಂದು ಕಡೆ. 1914ರಲ್ಲಿ ಶುರುವಾದ ಮೊದಲ ಮಹಾಯುದ್ಧದಲ್ಲಿ ಕತ್ತಿಗಳಿರುವ ನಮೂನೆಗಳೂ ಬಂದವು.

ಬಾಲ್ಕನ್ (ಸರ್ಬಿಯಾ, ಬಲ್ಗೇರಿಯಾ ಥರದ ಆಗ್ನೇಯ ಯುರೋಪಿನ ದೇಶಗಳ) ಪದಕಗಳಲ್ಲಿ ಇಸವಿ ನೋಡಿ ವಯಸ್ಸು ಹೇಳಲು ಹೋಗಲೇಬಾರದು. ಯಾವ ಘಟನೆಯನ್ನು ನೆನೆಯುತ್ತಿದ್ದಾರೆ ಅಂತ ಅದು ಹೇಳುತ್ತದೆ, ಯಾವಾಗ ಮಾಡಿದರು ಅಂತಲ್ಲ. ಸರ್ಬಿಯಾದ 'ಬಿಳಿ ಹದ್ದು' ಪದಕದ ಹಿಂಬದಿಯಲ್ಲಿ ಮೊದಮೊದಲು ಮಿಲಾನ್ ರಾಜನ ಹೆಸರಿನ ಅಕ್ಷರ ಇರುತ್ತಿತ್ತು. 1903ರಲ್ಲಿ ರಾಜವಂಶವೇ ಬದಲಾಯಿತು. ಆಮೇಲಿನವುಗಳಲ್ಲಿ ಆ ಜಾಗಕ್ಕೆ 1882 ಬಂತು, ಅದು ಸರ್ಬಿಯಾ ರಾಜ್ಯವಾದ ವರ್ಷ. ಅಂದರೆ 1882 ಅಂತ ಇರುವುದೇ ಹೊಸದು!

ನನಗೆ ತುಂಬ ಇಷ್ಟವಾದದ್ದು 'ಅಲ್ಬೇನಿಯಾ ಸ್ಮಾರಕ ಪದಕ'. 1915ರ ಚಳಿಗಾಲದಲ್ಲಿ ಶತ್ರುಗಳು ಮೂರು ಕಡೆಯಿಂದ ಒತ್ತಿಕೊಂಡು ಬಂದಾಗ ಸರ್ಬಿಯಾದ ಸೈನ್ಯ, ಮುದಿ ರಾಜ ಪೀಟರ್ ಸಮೇತ, ಅಲ್ಬೇನಿಯಾದ ಹಿಮದ ಬೆಟ್ಟ ದಾಟಿ ಸಮುದ್ರದ ಕಡೆ ನಡೆಯಿತು. ಹಸಿವಿಗೆ, ಚಳಿಗೆ ಸಾವಿರಾರು ಜನ ದಾರಿಯಲ್ಲೇ ಸತ್ತರು. ಉಳಿದವರು ಕೊನೆಗೆ ಕೊರ್ಫು ದ್ವೀಪ ಸೇರಿದರು. ಪದಕ ಎರಡು ತಲೆ ಹದ್ದಿನ ಆಕಾರದಲ್ಲಿದೆ, ಮೇಲೆ ಕಿರೀಟ. ನಡುವೆ ಯುವರಾಜ ಅಲೆಕ್ಸಾಂಡರ್ ಮುಖ, ಸುತ್ತ 'ನನ್ನ ಯುದ್ಧದ ಜೊತೆಗಾರರಿಗೆ' ಎಂಬರ್ಥದ ಸಾಲು. ರಿಬ್ಬನ್ ಹಸಿರು, ಅಂಚು ಕಪ್ಪು. ಮೇಲಿರುವ ಇಸವಿ 1915, ಆದರೆ ಪದಕ ಶುರುವಾಗಿದ್ದು 1920ರಲ್ಲಿ.

ಕಮ್ಯುನಿಸ್ಟ್ ನಾಯಕ ಟಿಟೊ ಕಾಲದ, ಸರ್ಬಿಯಾವೂ ಸೇರಿದ್ದ ಯುಗೊಸ್ಲಾವಿಯಾದಲ್ಲೂ ಇದೇ ಕಥೆ. ಅದರ ಲಾಂಛನದಲ್ಲಿ ಕೊನೆಯವರೆಗೂ 1943 ನವೆಂಬರ್ 29 ಅಂತಲೇ ಇತ್ತು. ಅಲ್ಲಿ ದಿನಾಂಕ ಬಿಡಿ, ಪಂಜು ಎಣಿಸಿ. ಐದು ಪಂಜು ಇದ್ದರೆ 1963ಕ್ಕಿಂತ ಮುಂಚಿನ ವಿನ್ಯಾಸ, ಆರಿದ್ದರೆ ಆಮೇಲಿನದು.

ದೇಶ ಗುರುತಿಸುವುದು ಅಷ್ಟು ಕಷ್ಟವಲ್ಲ. ಎರಡು ತಲೆ ಹದ್ದಿನ ಎದೆಯ ಮೇಲೆ ಶಿಲುಬೆ ಇದ್ದರೆ ಸರ್ಬಿಯಾ, ಸಿಂಹ ಇದ್ದರೆ ಮಾಂಟೆನೆಗ್ರೊ. ಬರೀ ಸಿಂಹ, ಅದೂ ಎರಡು ಕಾಲ ಮೇಲೆ ನಿಂತಿದ್ದರೆ ಬಲ್ಗೇರಿಯಾ. ಒಂದೇ ತಲೆಯ ಹದ್ದು ಕೊಕ್ಕಿನಲ್ಲಿ ಶಿಲುಬೆ ಕಚ್ಚಿದ್ದರೆ ರೊಮೇನಿಯಾ. ರಿಬ್ಬನ್ ಮಡಿಕೆಯೂ ಸುಳಿವು ಕೊಡುತ್ತದೆ: ಸರ್ಬಿಯಾ, ಬಲ್ಗೇರಿಯಾದವರು ಆಸ್ಟ್ರಿಯಾದವರಂತೆ ತ್ರಿಕೋನವಾಗಿ ಮಡಿಸುತ್ತಿದ್ದರು. ಆದರೆ ರಿಬ್ಬನ್ ಬದಲಾಯಿಸುವುದು ಐದು ನಿಮಿಷದ ಕೆಲಸ, ಅದನ್ನೇ ನಂಬಿಕೊಂಡು ಕೂರಬೇಡಿ.

ಈಗ ನಿಮ್ಮದು ಅಸಲಿಯೋ ನಕಲಿಯೋ? ಹಿಂದೆ ತಿರುಗಿಸಿ ಭೂತಗನ್ನಡಿ ಹಿಡಿಯಿರಿ. ಅಸಲಿ ಪದಕವನ್ನು ಅಚ್ಚಿನಿಂದ ಬಲವಾಗಿ ಒತ್ತಿ ಮಾಡಿರುತ್ತಾರೆ, ಗೆರೆ ಚೂಪಾಗಿ, ಮೇಲ್ಮೈ ನಯವಾಗಿ ಇರುತ್ತದೆ. ಎರಕ ಹೊಯ್ದ ನಕಲಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಕಾಣುತ್ತವೆ, ಅಕ್ಷರದ ಅಂಚು ಕರಗಿದ ಹಾಗಿರುತ್ತದೆ. ಹಳೆಯ ಎನಾಮೆಲ್ ಅಂದರೆ ಬೆಂಕಿಯಲ್ಲಿ ಕರಗಿಸಿದ ಗಾಜು. ಪೆಟ್ಟು ಬಿದ್ದರೆ ಗಾಜಿನಂತೆಯೇ ಚಕ್ಕೆ ಏಳುತ್ತದೆ, ಗೀರಿದರೆ ಬಣ್ಣದಂತೆ ಕೆರೆದು ಬರುವುದಿಲ್ಲ. (ಹಾಗಂತ ಸುಮ್ನೆ ಸೂಜಿ ಹಿಡಿದು ಗೀರಬೇಡಿ. ಏನಾದರೂ ಚಕ್ಕೆ ಎದ್ದಿದ್ದರೆ ಅಲ್ಲೇ ನೋಡಿ.) ತಯಾರಕರ ಗುರುತೂ ಹುಡುಕಿ. ಸರ್ಬಿಯಾ ಮೊದಲು ತನ್ನ ಪದಕಗಳನ್ನು ಜಾಸ್ತಿ ವಿಯೆನ್ನಾದಲ್ಲೇ ಮಾಡಿಸುತ್ತಿತ್ತು. 1914ರಲ್ಲಿ ಆಸ್ಟ್ರಿಯಾ ಜೊತೆಗೇ ಯುದ್ಧ ಬಂತಲ್ವಾ, ಆಮೇಲೆ ಕೆಲಸ ಪ್ಯಾರಿಸ್‌ನ ಆರ್ತುಸ್ ಬೆರ್ತ್ರಾಂ, ಸ್ವಿಟ್ಜರ್ಲೆಂಡಿನ ಹ್ಯೂಗೆನಿನ್ ಥರದ ಕಂಪನಿಗಳಿಗೆ ಹೋಯಿತು.

ನೇರವಾಗಿ ಹೇಳಿಬಿಡುತ್ತೇನೆ. ಕರಾಜೋರ್ಜೆ ನಕ್ಷತ್ರದಂಥದ್ದು ಕೋಟೆ ದಾರಿಯಲ್ಲಿ, ಫ್ರಿಜ್ ಮ್ಯಾಗ್ನೆಟ್ ಪಕ್ಕದಲ್ಲಿ, ಊಟದ ಬೆಲೆಗೆ ಸಿಕ್ಕಿದ್ದರೆ ನಕಲೇ ಇರಬೇಕು. ಇಟ್ಟುಕೊಳ್ಳಿ, ನೋಡಲು ಚೆನ್ನಾಗಿರುತ್ತದೆ. ಸಂಗ್ರಹ ಶುರು ಮಾಡುವ ಆಸೆ ಇದ್ದರೆ ಯುಗೊಸ್ಲಾವ್ ಸೇನೆಯ ವಾರ್ಷಿಕೋತ್ಸವದ ಪದಕ ಹಿಡಿಯಿರಿ, ಉದಾಹರಣೆಗೆ 1941–1971 ಅಂತ ಇರುವ ಮೂವತ್ತು ವರ್ಷದ್ದು. ಅಗ್ಗ, ಎಲ್ಲೆಡೆ ಸಿಗುತ್ತದೆ, ಅದನ್ನು ನಕಲು ಮಾಡಿ ಯಾರಿಗೂ ಲಾಭವಿಲ್ಲ. ಎರಡನೇ ಮಹಾಯುದ್ಧ ಕಾಲದ ಕ್ರೊವೇಷಿಯಾದ ಪದಕಗಳ ಕಡೆ ಮಾತ್ರ ಸದ್ಯಕ್ಕೆ ಹೋಗಬೇಡಿ. ಅಲ್ಲಿ ನಕಲಿಗಳ ಸಂತೆಯೇ ಇದೆ.

ಇನ್ನೊಂದು ವಿಷಯ. ಕಪ್ಪಾಗಿದೆ ಅಂತ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಅಸಲಿಯಾಗಿದ್ದರೆ ಅರ್ಧ ಬೆಲೆ ಬಚ್ಚಲಿಗೆ ಹೋಗುತ್ತದೆ. ಫ್ಲ್ಯಾಶ್ ಇಲ್ಲದೆ, ಕಿಟಕಿ ಬೆಳಕಿನಲ್ಲಿ ಹಿಂಬದಿಯದ್ದೊಂದು, ರಿಬ್ಬನ್ ಪೋಣಿಸುವ ಮೇಲಿನ ಬಳೆಯದ್ದೊಂದು ಫೋಟೊ ತೆಗೆದು ಹಾಕಿ, ನೋಡೋಣ.