ಹಳಿ ಕಿತ್ತ ದಾರಿಗೆ ರೈಲು ಮರಳೀತೇ?

ಪ್ರಶ್ನೆ: ನಮ್ಮ ಊರಿನ ಹೊರಗೆ ಪರ್ಸಿ ಕಲ್ಲಿನ ಗಣಿಗೆ ಹೋಗುತ್ತಿದ್ದ ಹಳೆಯ ರೈಲ್ವೆ ಸೈಡಿಂಗ್ ಒಂದಿದೆ. ಗಣಿ ಮುಚ್ಚಿದ ಮೇಲೆ ಹಳಿ, ಸ್ಲೀಪರ್ ಎಲ್ಲವನ್ನೂ ಕಿತ್ತುಕೊಂಡು ಹೋದರು; ಏರಿ ಮಾತ್ರ ಉಳಿದಿದೆ. ದಿನಾಲು ಬೆಳಿಗ್ಗೆ ನಾವು ಕೆಲವರು ಅದರ ಮೇಲೆಯೇ ವಾಕಿಂಗ್ ಹೋಗುತ್ತೇವೆ. ಅಲ್ಲಿ ಗಿಡ ಹಚ್ಚಿ, ಕೂರಲು ಕಲ್ಲು ಹಾಕಿ, ನಡಿಗೆಯ ದಾರಿ ಮಾಡಿಕೊಡಿ ಎಂದು ಮನವಿ ಬರೆದೆವು. ಆದರೆ ನಮ್ಮಲ್ಲೇ ಇಬ್ಬರು ಹಿರಿಯರು, ‘ಒಮ್ಮೆ ಗಾರ್ಡನ್ ಆತಂದ್ರ ಮುಗೀತು, ಮುಂದ ರೈಲು ಬರಂಗಿಲ್ಲ’ ಎಂದು ಸಹಿ ಹಾಕಲು ಒಪ್ಪುತ್ತಿಲ್ಲ. ಅಮೆರಿಕದಲ್ಲಿರುವ ನನ್ನ ಅಳಿಯ, ಇಂತಹ ದಾರಿಯನ್ನು ರೈಲಿಗೆ ವಾಪಸು ಕೊಡುವ ಕಾಯ್ದೆಯೇ ಅಲ್ಲಿದೆ ಎನ್ನುತ್ತಾನೆ. ಯಾರ ಮಾತು ನಿಜ?
— ನಿವೃತ್ತ ಶಿಕ್ಷಕರು, ಶಹಾಬಾದ್

ಉತ್ತರ: ನಿಮ್ಮ ಅಳಿಯ ಹೇಳಿದ್ದು ನಿಜ, ಹಿರಿಯರ ಅನುಮಾನವೂ ಪೂರ್ತಿ ಸುಳ್ಳಲ್ಲ. ಕಾಯ್ದೆಯ ವಿಷಯವನ್ನೇ ಮೊದಲು ನೋಡೋಣ, ಏಕೆಂದರೆ ಅದನ್ನು ಅರ್ಧ ಕೇಳಿದವರು ಬಹಳ ಜನ ಇದ್ದಾರೆ.

ಅಮೆರಿಕದ ರೈಲುಮಾರ್ಗಗಳ ಒಟ್ಟು ಉದ್ದ 1916ರ ಸುಮಾರಿಗೆ ಎರಡೂವರೆ ಲಕ್ಷ ಮೈಲಿ ಮುಟ್ಟಿತ್ತು. ಆಮೇಲೆ ಲಾರಿ ಮತ್ತು ಹೆದ್ದಾರಿಗಳ ಕಾಲ ಬಂದು ಕವಲು ಮಾರ್ಗಗಳು ಒಂದೊಂದಾಗಿ ಮುಚ್ಚುತ್ತ ಹೋದವು. ಅಲ್ಲಿನ ತೊಡಕು ಏನೆಂದರೆ, ಹಳಿಯ ಕೆಳಗಿನ ನೆಲ ಎಷ್ಟೋ ಕಡೆ ರೈಲು ಕಂಪನಿಯದಾಗಿರಲಿಲ್ಲ. ಕಂಪನಿಗೆ ಇದ್ದದ್ದು ರೈಲು ಓಡಿಸುವ ಹಕ್ಕು ಮಾತ್ರ. ನಮ್ಮಲ್ಲಿ ಬೇರೆಯವರ ಹೊಲದೊಳಗೆ ಬಂಡಿದಾರಿಯ ಹಕ್ಕು ಇರುವುದಿಲ್ಲವೇ, ಅದೇ ಬಗೆ. ಬಂಡಿ ಹೊಡೆಯುವುದನ್ನು ಬಿಟ್ಟರೆ ಹೊಲದವನು ದಾರಿಯನ್ನು ಉತ್ತುಬಿಡುತ್ತಾನೆ. ಹಾಗೆಯೇ ಮಾರ್ಗವನ್ನು ಕೈಬಿಟ್ಟಿರುವುದಾಗಿ ಕಂಪನಿ ಹೇಳಿದ ಕೂಡಲೇ ನೆಲ ತುಂಡು ತುಂಡಾಗಿ ಅಕ್ಕಪಕ್ಕದ ಭೂಮಾಲೀಕರ ಪಾಲಾಗುತ್ತಿತ್ತು. ನೂರು ಮೈಲಿಯ ಮಾರ್ಗದಲ್ಲಿ ನಡುವಿನ ಅರ್ಧ ಮೈಲಿ ಹೋದರೂ ಉಳಿದ ತೊಂಬತ್ತೊಂಬತ್ತೂವರೆ ಮೈಲಿ ರೈಲಿನ ಲೆಕ್ಕದಲ್ಲಿ ಇಲ್ಲದಂತೆಯೇ.

ಇದನ್ನು ತಡೆಯಲು ಅಲ್ಲಿನ ಸಂಸತ್ತು 1983ರಲ್ಲಿ ರಾಷ್ಟ್ರೀಯ ಚಾರಣಪಥಗಳ ಕಾಯ್ದೆಗೆ ತಿದ್ದುಪಡಿ ತಂದಿತು. ಅದಕ್ಕೆ ರೂಢಿಯಲ್ಲಿ ‘ರೈಲ್‌ಬ್ಯಾಂಕಿಂಗ್’ ಎನ್ನುತ್ತಾರೆ. ಮಾರ್ಗವನ್ನು ನಡಿಗೆಗೂ ಸೈಕಲ್ಲಿಗೂ ಬಿಟ್ಟುಕೊಟ್ಟರೆ ಅದು ‘ಕೈಬಿಟ್ಟಂತೆ’ ಅಲ್ಲ, ನಡುವಿನ ಕಾಲದ ಬಳಕೆ ಮಾತ್ರ, ಮುಂದೆ ರೈಲು ಬೇಕಾದರೆ ಮಾರ್ಗ ಮರಳಬೇಕು ಎಂಬುದು ಅದರ ಸಾರ. ಪಥವನ್ನು ವಹಿಸಿಕೊಂಡ ಸಂಸ್ಥೆಯೇ ತೆರಿಗೆ ಕಟ್ಟಬೇಕು, ಅಪಘಾತವಾದರೆ ಹೊಣೆಯನ್ನೂ ಹೊರಬೇಕು. ನೆಲ ತಮಗೆ ಬರಬೇಕಿತ್ತೆಂದು ಭೂಮಾಲೀಕರು ದಾವೆ ಹೂಡಿದರು. ಅಲ್ಲಿನ ಸುಪ್ರೀಂ ಕೋರ್ಟ್ 1990ರಲ್ಲಿ ಕಾಯ್ದೆಯನ್ನು ಎತ್ತಿಹಿಡಿದು, ಪರಿಹಾರ ಕೇಳುವ ದಾರಿಯನ್ನು ಅವರಿಗೆ ತೆರೆದಿಟ್ಟಿತು.

ಹೀಗೆ ಕಾಯ್ದೆಯೇನೋ ಗಟ್ಟಿಯಾಗಿದೆ, ಆದರೆ ಅದರಂತೆ ಮರಳಿ ಬಂದ ರೈಲುಗಳು ಬಹಳ ಕಡಿಮೆ. ಮಿಸ್ಸೌರಿ ರಾಜ್ಯದ ಕೇಟಿ ಟ್ರೇಲ್ ಸುಮಾರು 240 ಮೈಲಿ ಉದ್ದದ್ದು, ಮರಳಿ ಪಡೆಯುವ ಹಕ್ಕು ಕಾಗದದ ಮೇಲೆ ಇದೆ, ಆದರೂ ಅಲ್ಲಿ ಇಂದಿಗೂ ಸೈಕಲ್ಲುಗಳೇ ಓಡುತ್ತವೆ. ಪಥ ಅಡ್ಡಬಂದದ್ದರಿಂದ ಹೀಗಾಯಿತು ಎನ್ನುವ ಹಾಗಿಲ್ಲ. ಹೊರುವುದಕ್ಕೆ ಸರಕಿಲ್ಲ, ಹತ್ತುವುದಕ್ಕೆ ಜನವಿಲ್ಲ. ಯಾವ ಕಾರಣಕ್ಕೆ ಮಾರ್ಗ ಮುಚ್ಚಿತೋ ಆ ಕಾರಣ ಹಾಗೆಯೇ ಇರುವಾಗ ರೈಲು ಯಾರಿಗಾಗಿ ಬರಬೇಕು?

ಬೇಡಿಕೆ ಇದ್ದ ಕಡೆ ಏನಾಯಿತು ಎಂಬುದಕ್ಕೆ ವಾಷಿಂಗ್ಟನ್ ನಗರದ ಪಕ್ಕದ ಮಾಂಟ್ಗೊಮರಿ ಕೌಂಟಿಯನ್ನು ನೋಡಬಹುದು. ಜಾರ್ಜ್‌ಟೌನ್ ಕವಲು ಮಾರ್ಗದಲ್ಲಿ 1985ರಲ್ಲಿ ಗೂಡ್ಸ್ ಗಾಡಿ ನಿಂತಿತು. 1988ರಲ್ಲಿ ಕೌಂಟಿ ಆಡಳಿತ ಇದೇ ಕಾಯ್ದೆಯ ಅಡಿಯಲ್ಲಿ ಅದನ್ನು ಕೊಂಡು, ಜಲ್ಲಿ ಹಾಸಿದ ನಡಿಗೆಯ ಪಥ ಮಾಡಿತು. ಮುಂದೊಂದು ದಿನ ಇಲ್ಲಿ ರೈಲು ಬರಲಿದೆ ಎಂಬುದು ಮೊದಲಿಂದಲೂ ಯೋಜನೆಯಲ್ಲಿತ್ತು. ಆದರೂ ‘ಪರ್ಪಲ್ ಲೈನ್’ ಎಂಬ ಲಘು ರೈಲಿನ ಕೆಲಸ ಶುರುವಾಗುವ ಹೊತ್ತಿಗೆ, ಮರಗಳ ನೆರಳಿನಲ್ಲಿ ವರ್ಷಗಟ್ಟಲೆ ನಡೆದಾಡಿದವರು ಪಥ ಉಳಿಸಿರೆಂದು ನ್ಯಾಯಾಲಯಕ್ಕೆ ಹೋದರು. 2016ರಲ್ಲಿ ತೀರ್ಪು ಅವರ ಕಡೆಗಾಯಿತು, 2017ರಲ್ಲಿ ಮೇಲ್ಮನವಿಯ ನ್ಯಾಯಾಲಯ ಯೋಜನೆಯ ಪರ ನಿಂತಿತು, ಅದೇ ಸೆಪ್ಟೆಂಬರಿನಲ್ಲಿ ಪಥಕ್ಕೆ ಬೇಲಿ ಬಿತ್ತು. ಹಳಿಯ ಪಕ್ಕದಲ್ಲೇ ಹೊಸ ಪಥವನ್ನೂ ಕಟ್ಟಿಕೊಡಬೇಕೆಂಬುದು ಯೋಜನೆಯ ಭಾಗವೇ ಆಗಿದೆ. ನಿಮ್ಮ ಹಿರಿಯರ ಅನುಮಾನ ಪೂರ್ತಿ ಸುಳ್ಳಲ್ಲ ಎಂದದ್ದು ಇದಕ್ಕೇ: ಮೂವತ್ತು ವರ್ಷ ನಡೆದವನು ದಾರಿ ತನ್ನದೇ ಎಂದುಕೊಳ್ಳುವುದು ಸಹಜ.

ಇನ್ನು ಸ್ಕಾಟ್ಲೆಂಡಿನ ಮಾತು. ಎಡಿನ್‌ಬರೋದಿಂದ ಗಡಿ ಸೀಮೆಗೆ ಹೋಗುತ್ತಿದ್ದ ವೇವರ್ಲಿ ಮಾರ್ಗ 1969ರ ಜನವರಿಯಲ್ಲಿ ಮುಚ್ಚಿತು. 2015ರ ಸೆಪ್ಟೆಂಬರಿನಲ್ಲಿ ಅದರ ಮೊದಲ 30 ಮೈಲಿ ಮಾತ್ರ ‘ಬಾರ್ಡರ್ಸ್ ರೈಲ್ವೆ’ ಎಂಬ ಹೆಸರಿನಲ್ಲಿ ಮತ್ತೆ ತೆರೆಯಿತು. ಅಲ್ಲಿ ಎಂಜಿನಿಯರುಗಳಿಗೆ ಕಾಟ ಕೊಟ್ಟದ್ದು ನಡಿಗೆಯ ದಾರಿಗಳಲ್ಲ. ಮುಚ್ಚಿದ ಮೇಲೆ ಏರಿಯ ಜಾಗದಲ್ಲಿ ಮನೆಗಳೆದ್ದಿದ್ದವು, ಎಡಿನ್‌ಬರೋದ ಬೈಪಾಸ್ ರಸ್ತೆ ಹಳೆಯ ಮಾರ್ಗವನ್ನು ಕತ್ತರಿಸಿಕೊಂಡು ಹೋಗಿತ್ತು. ಅದಕ್ಕಾಗಿ ಮಾರ್ಗವನ್ನು ತಿರುಗಿಸಿ ಹೊಸ ಸೇತುವೆ ಕಟ್ಟಬೇಕಾಯಿತು. ನಡಿಗೆಯ ದಾರಿಯನ್ನು ಅಗೆದು ಹಳಿ ಹಾಸಬಹುದು. ಮನೆ ಒಡೆದು ಹಾಸುವುದು ಬೇರೆಯೇ ಕೆಲಸ.

ಹೊಸ ನೆಲ ಕೊಂಡು ರೈಲು ತರುವುದು ಎಂತಹ ಕೆಲಸವೆಂಬುದು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೀದರ–ಕಲಬುರಗಿ ಮಾರ್ಗದ ಉದ್ದ 110 ಕಿ.ಮೀ.; ತೊಂಬತ್ತರ ದಶಕದಲ್ಲಿ ಮಂಜೂರಾದ ಅದರಲ್ಲಿ ರೈಲು ಓಡಿದ್ದು 2017ರ ಅಕ್ಟೋಬರಿನಲ್ಲಿ. ಇಪ್ಪತ್ತು ಮೀಟರ್ ಅಗಲದ ಪಟ್ಟಿ ಎಂದು ಹಿಡಿದರೂ ಒಂದು ಕಿಲೋಮೀಟರಿಗೆ ಎರಡು ಹೆಕ್ಟೇರ್, ಅಂದರೆ ಸುಮಾರು ಐದು ಎಕರೆ ನೆಲ ಬೇಕು. ನಿಮ್ಮ ಸೈಡಿಂಗ್ ನಾಲ್ಕು ಕಿಲೋಮೀಟರ್ ಇದ್ದರೆ ಇಪ್ಪತ್ತು ಎಕರೆ. ಅಷ್ಟು ನೆಲ ಒಂದೇ ಪಟ್ಟಿಯಾಗಿ, ಒಬ್ಬರದೇ ಹೆಸರಿನಲ್ಲಿ ಉಳಿದಿದೆ ಎಂದರೆ ಅದೊಂದು ಆಸ್ತಿ. ಅದರ ಮೇಲೆ ಜನ ನಡೆಯುತ್ತಿದ್ದರೆ ಪಟ್ಟಿ ಉಳಿಯುತ್ತದೆ. ಯಾರೂ ತುಳಿಯದೆ ಬಿಟ್ಟರೆ ಮೊದಲು ಬಳ್ಳಾರಿ ಜಾಲಿ ಬೆಳೆಯುತ್ತದೆ, ಆಮೇಲೆ ಒಬ್ಬರು ತೊಗರಿ ಕಟ್ಟಿಗೆ ಒಟ್ಟುತ್ತಾರೆ, ಇನ್ನೊಬ್ಬರು ತಗಡಿನ ಶೆಡ್ ಹಾಕುತ್ತಾರೆ, ಮೂರನೆಯವರು ಪಾಯ ತೋಡುತ್ತಾರೆ. ಆದ್ದರಿಂದ ನಡಿಗೆಯ ದಾರಿ ಮಾಡುವುದೇ ರೈಲಿನ ದೃಷ್ಟಿಯಿಂದಲೂ ಮೇಲು ಎಂಬುದು ನನ್ನ ಅಭಿಪ್ರಾಯ.

ಆದರೆ ನಮ್ಮ ದೇಶದಲ್ಲಿ ರೈಲ್‌ಬ್ಯಾಂಕಿಂಗ್‌ನಂತಹ ಕಾಯ್ದೆಯಿಲ್ಲ. ಅದರ ಅಗತ್ಯವೂ ಅಷ್ಟಾಗಿ ಬೀಳಲಿಲ್ಲ, ಏಕೆಂದರೆ ಇಲ್ಲಿ ರೈಲ್ವೆಗಾಗಿ ಸ್ವಾಧೀನಪಡಿಸಿಕೊಂಡ ನೆಲ ಸಾಮಾನ್ಯವಾಗಿ ಸರ್ಕಾರದ್ದೇ. ಗಾಡಿ ನಿಂತರೂ ಅದು ಹೊಲದವನಿಗೆ ತಾನಾಗಿ ಮರಳುವುದಿಲ್ಲ. ನಿಮ್ಮ ವಿಷಯದಲ್ಲಿ ತೊಡಕಿರುವುದು ಅದು ಸೈಡಿಂಗ್ ಎಂಬುದರಲ್ಲಿ. ಖಾಸಗಿ ಸೈಡಿಂಗ್‌ಗಳಲ್ಲಿ ಸ್ಟೇಷನ್ ಕಡೆಯ ತುಂಡು ರೈಲ್ವೆಯದು, ಮುಂದಿನದು ಗಣಿಯ ಅಥವಾ ಕಾರ್ಖಾನೆಯ ಮಾಲೀಕರದು, ನಡುವೆ ಒಂದಿಷ್ಟು ಕಂದಾಯ ಇಲಾಖೆಯದು ಹೀಗೆ ಇರುವುದುಂಟು. ಮನವಿ ಕೊಡುವ ಮೊದಲು ಪ್ರತಿಯೊಂದು ಸರ್ವೆ ನಂಬರಿನ ಪಹಣಿ ತೆಗೆಸಿ, ಯಾವುದು ಯಾರದೆಂದು ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳಿರಿ. ಆಮೇಲೆ, ಈ ಬಳಕೆ ತಾತ್ಕಾಲಿಕ, ರೈಲು ಸೇವೆಗೆ ಬೇಕಾದಾಗ ತೆರವು ಮಾಡಲಾಗುವುದು ಎಂಬ ವಾಕ್ಯವನ್ನು ಮನವಿಯಲ್ಲೂ, ಮುಂದೆ ಆಗುವ ಒಪ್ಪಂದದಲ್ಲೂ, ದಾರಿಯ ಬಾಯಲ್ಲಿ ನಿಲ್ಲಿಸುವ ಫಲಕದಲ್ಲೂ ಬರೆಸಿರಿ. ಆ ಇಬ್ಬರು ಹಿರಿಯರು ಬಹುಶಃ ಅದರ ಕೆಳಗೆ ಸಹಿ ಹಾಕಿಯಾರು.

ರೈಲು ಬೇಕಾದೀತೇ ಎಂದರೆ, ಪ್ರಯಾಣಿಕರ ಗಾಡಿ ನಾಲ್ಕು ಕಿಲೋಮೀಟರಿನ ಸೈಡಿಂಗ್‌ಗೆ ಬರುವುದಿಲ್ಲ, ಬಂದರೆ ಗೂಡ್ಸ್. 2022ರಲ್ಲಿ ಕೇಂದ್ರ ಸಂಪುಟ ಸರಕು ಟರ್ಮಿನಲ್‌ಗಳಿಗೆ ರೈಲ್ವೆ ನೆಲವನ್ನು 35 ವರ್ಷದವರೆಗೆ ಗುತ್ತಿಗೆ ಕೊಡುವ ನೀತಿಗೆ ಒಪ್ಪಿಗೆ ಕೊಟ್ಟಿದೆ. ಸಿಮೆಂಟು, ಕಲ್ಲು ಮತ್ತು ಬೇಳೆಕಾಳಿನ ನಾಡಿನಲ್ಲಿ ಅದು ಎಂದೂ ಬರಲಾರದೆಂದು ಬರೆದುಕೊಡುವ ಧೈರ್ಯ ನನಗಿಲ್ಲ.

ಪ್ರಶ್ನೆ: ಏರಿ ಇದೆ, ಮೋರಿಗಳಿವೆ, ಜಲ್ಲಿಯೂ ಇದೆ ಎಂದ ಮೇಲೆ ಹಳಿ ಹಾಸಿದರೆ ಆಯಿತಲ್ಲ? ಇದಕ್ಕೆ ವರ್ಷಗಟ್ಟಲೆ ಏಕೆ?
— ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿ, ಯಾದಗಿರಿ

ಉತ್ತರ: ಹಾಸುಗಲ್ಲು ಇದ್ದ ಮಾತ್ರಕ್ಕೆ ಮನೆ ಕಟ್ಟಿದಂತಾಗುವುದಿಲ್ಲ. ಈಗ ಬ್ರಾಡ್‌ಗೇಜ್ ಒಂಟಿ ಮಾರ್ಗಕ್ಕೆ ಏರಿಯ ತಲೆ 7.85 ಮೀಟರ್ ಅಗಲ ಇರಬೇಕು. ಏರಿ ನಾಲ್ಕು ಮೀಟರ್ ಎತ್ತರದ್ದಾಗಿ, ಎರಡೂ ಬದಿಯ ಇಳಿಜಾರು ಎರಡು ಮೀಟರ್ ಅಡ್ಡಕ್ಕೆ ಒಂದು ಮೀಟರ್ ಎತ್ತರದಂತೆ ಇದ್ದರೆ, ಬುಡದಲ್ಲಿ ಹೆಚ್ಚುಕಡಿಮೆ 24 ಮೀಟರ್ ಆಗುತ್ತದೆ. ಹಳೆಯ ಕಾಲದ ಏರಿಗಳು ಇಷ್ಟು ಅಗಲ ಇರುವುದಿಲ್ಲ. ಮಳೆಯಲ್ಲಿ ಭುಜ ಕರಗಿ ಇನ್ನಷ್ಟು ಸಣ್ಣಗಾಗಿರುತ್ತವೆ. ನಮ್ಮ ಎರೆಮಣ್ಣಿನ ಗುಣ ನಿಮಗೆ ಗೊತ್ತೇ ಇದೆ: ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅಂತಹ ಮಣ್ಣಿನ ಮೇಲೆ ಬೇರೆ ಮಣ್ಣಿನ ಪದರ ಹಾಕದೆ ಭಾರದ ಗಾಡಿ ಬಿಡಲಾಗದು. ಹಳೆಯ ಕಲ್ಲು ಕಮಾನಿನ ಮೋರಿ ನೂರು ವರ್ಷ ನಿಂತಿದೆ ಎಂಬುದು, ಇಂದಿನ ವ್ಯಾಗನ್ನಿನ ಒಂದೊಂದು ಅಚ್ಚಿನ ಮೇಲೆ ಬರುವ ಇಪ್ಪತ್ತು ಟನ್ನಿಗೂ ಮೀರಿದ ಭಾರವನ್ನು ಅದು ಹೊರುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಒಂದೊಂದನ್ನೂ ಪರೀಕ್ಷಿಸಬೇಕು, ಹಲವನ್ನು ಹೊಸದಾಗಿ ಕಟ್ಟಬೇಕು.

ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿಯ ಹೊತ್ತಿಗೆ ತೆಗೆದುಹಾಕಿದ್ದಾರೆ. ಆದ್ದರಿಂದ ಏರಿಯನ್ನು ಬಂಡಿದಾರಿ ದಾಟುವ ಕಡೆಯಲ್ಲೆಲ್ಲ ಕೆಳಸೇತುವೆಯನ್ನೋ ಮೇಲ್ಸೇತುವೆಯನ್ನೋ ಕಟ್ಟಬೇಕು. ಖರ್ಚು ಏರುವುದು ಇಲ್ಲೇ. ಎಲ್ಲ ಮುಗಿದ ಮೇಲೂ ಪ್ರಯಾಣಿಕರ ಗಾಡಿ ಬಿಡುವ ಮೊದಲು, 1989ರ ರೈಲ್ವೆ ಕಾಯ್ದೆಯಂತೆ ರೈಲ್ವೆ ಸುರಕ್ಷತಾ ಆಯುಕ್ತರು ಬಂದು ನೋಡಿ ಒಪ್ಪಬೇಕು. ಈ ಆಯುಕ್ತರು ರೈಲ್ವೆ ಸಚಿವಾಲಯದವರಲ್ಲ, ವಿಮಾನಯಾನ ಸಚಿವಾಲಯದ ಕೆಳಗಿನವರು ಎಂಬುದು ನಿಮ್ಮ ಪರೀಕ್ಷೆಗೆ ಉಪಯೋಗಕ್ಕೆ ಬಂದೀತು. ಕಟ್ಟಿದವರೇ ಪಾಸು ಮಾಡಬಾರದೆಂಬುದು ಅದರ ಹಿಂದಿನ ಕಾರಣ.

ಜನ ನಡೆದ ಮಾರ್ಗಕ್ಕೆ ಗಾಡಿ ಮರಳಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗವನ್ನು ಗೇಜ್ ಬದಲಿಸಲು 1996ರಲ್ಲಿ ನಿಲ್ಲಿಸಿದಾಗ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಟ್ಟದ ತುಂಡು ಚಾರಣಿಗರ ದಾರಿಯಾಯಿತು. ಅಲ್ಲಿ ನಡೆದವರಿಗೆ ನೆನಪಿರುತ್ತದೆ, ಸ್ಲೀಪರಿನಿಂದ ಸ್ಲೀಪರಿಗೆ ಇರುವ ಅಂತರ ಒಂದು ಹೆಜ್ಜೆಗೆ ಕಡಿಮೆ, ಎರಡನ್ನು ಒಟ್ಟಿಗೆ ದಾಟಲು ಹೆಚ್ಚು. ಸಂಜೆಗೆ ಮೀನಖಂಡ ಕಲ್ಲಾಗುತ್ತಿತ್ತು. 2006ರಲ್ಲಿ ಗೂಡ್ಸ್, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿ ಬಂದವು. ಅಲ್ಲಿ ಮಾರ್ಗವನ್ನು ಕೈಬಿಟ್ಟಿರಲಿಲ್ಲ, ಕೆಲಸಕ್ಕೆಂದು ನಿಲ್ಲಿಸಿದ್ದರು. ಸುರಂಗ, ಸೇತುವೆಗಳೆಲ್ಲ ಇದ್ದವು. ಹಾಗಿದ್ದೂ ಹನ್ನೊಂದು ವರ್ಷ ಹಿಡಿಯಿತು.

ಪ್ರಶ್ನೆ: ನಡಿಗೆಯ ದಾರಿ ಮತ್ತು ರೈಲು ಒಂದೇ ಕಡೆ ಜೊತೆಯಾಗಿ ಇರಲು ಬರುವುದಿಲ್ಲವೇ?
— ಗೃಹಿಣಿ, ಬೀದರ

ಉತ್ತರ: ಬರುತ್ತದೆ, ಪಟ್ಟಿ ಅಗಲವಿದ್ದರೆ. ಇಂಗ್ಲೆಂಡಿನ ಬ್ರಿಸ್ಟಲ್ ಮತ್ತು ಬಾತ್ ನಗರಗಳ ನಡುವೆ ಹಳೆಯ ರೈಲುಮಾರ್ಗದ ಮೇಲೆ 13 ಮೈಲಿಯ ನಡಿಗೆ–ಸೈಕಲ್ ಪಥವಿದೆ. ಅದರ ನಡುವೆ ಬಿಟ್ಟನ್ ಎಂಬಲ್ಲಿ ಉತ್ಸಾಹಿಗಳು ಮತ್ತೆ ಹಳಿ ಹಾಸಿ, ಸುಮಾರು ಮೂರು ಮೈಲಿ ಉಗಿಬಂಡಿ ಓಡಿಸುತ್ತಾರೆ. ಪಕ್ಕದಲ್ಲೇ ಸೈಕಲ್ಲುಗಳು ಹೋಗುತ್ತಿರುತ್ತವೆ. ಅದು ಎರಡು ಜೋಡಿ ಹಳಿಗಳಿದ್ದ ಮಾರ್ಗವಾದ್ದರಿಂದ ಒಂದು ಬದಿ ರೈಲಿಗೆ, ಇನ್ನೊಂದು ಬದಿ ನಡಿಗೆಗೆ ಸಾಕಾಯಿತು.

ನಮ್ಮ ಒಂಟಿ ಹಳಿಯ ಏರಿಗಳ ತಲೆಯ ಮೇಲೆ ಎರಡಕ್ಕೂ ಜಾಗವಿಲ್ಲ. ನಡೆಯುವವರ ದಾರಿ ಏರಿಯ ಬುಡದಲ್ಲಿ, ರೈಲ್ವೆ ಗಡಿಯ ಒಳಗಂಚಿನಲ್ಲಿ, ನಡುವೆ ಬೇಲಿಯೊಂದಿಗೆ ಹೋಗಬೇಕಾಗುತ್ತದೆ. ಬೇಲಿಯಿಲ್ಲದೆ ಹಳಿಯ ಪಕ್ಕ ನಡೆಯುವುದು ಇಂದಿಗೂ ಅತಿಕ್ರಮ ಪ್ರವೇಶವೇ. ರೈಲ್ವೆ ಕಾಯ್ದೆಯ 147ನೆಯ ಕಲಮಿನಂತೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಇದೆ. ನಿಮ್ಮ ಕಡೆ ಬೆಳಗಿನ ಹೊತ್ತು ಚಾಲ್ತಿಯಲ್ಲಿರುವ ಮಾರ್ಗದ ಗುಂಟ ವಾಕಿಂಗ್ ಹೋಗುವವರಿದ್ದರೆ ದಯವಿಟ್ಟು ಇದನ್ನು ತಿಳಿಸಿರಿ. ವಿದ್ಯುತ್ ಎಂಜಿನ್ನಿನ ಗಾಡಿ ಹಿಂದಿನಂತೆ ದೂರದಿಂದಲೇ ಸದ್ದು ಮಾಡುತ್ತ ಬರುವುದಿಲ್ಲ, ಕಿವಿಗೆ ಇಯರ್‌ಫೋನ್ ಇದ್ದರಂತೂ ಹಾರ್ನ್ ಕೂಡ ಕೇಳಿಸುವುದಿಲ್ಲ.